ಕಾಯಿಯಿಲ್ಲದ ತಾಂಬೂಲ

ಬೆಸಗರಹಳ್ಳಿ ಪಕ್ಕದಲ್ಲಿರುವ ನಮ್ಮ ಸೋದರಮಾವನ ತೋಟದಿಂದ ಒಂದೇ ಒಂದು ತೆಂಗಿನಕಾಯಿ ಹೊರಗೆ ತಂದವರಿಗೆ ನಾನೇ ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಜಿಪುಣ ಅಂದುಕೊಳ್ಳಬೇಡಿ. ಕಚ್ಚಾ ಮಾಲು ಊರ ಗಡಿ ದಾಟಬಾರದು ಅನ್ನುವುದು ಅವನ ಹಟ. ಕಾಯಿ ಕೇಳಿದರೆ ಬರ್ಫಿ ಕೊಡುತ್ತಾನೆ, ಕಬ್ಬು ಕೇಳಿದರೆ ಬೆಲ್ಲ.

"ನಾವು ಕಬ್ಬು ಕಳಿಸದು, ಪ್ಯಾಟೆಯವ್ರು ಚಾಕ್ಲೇಟು ಮಾಡಿ ನಮ್ಗೇ ಮಾರದು. ಮಾಲಿನ ಜೊತ್ಗೇ ಕೆಲ್ಸಾನೂ ಓಯ್ತದೆ ಕಣಮ್ಮ," ಅನ್ನುತ್ತಾನೆ.

ಮಳವಳ್ಳಿಯ ನೆಂಟರೊಬ್ಬರು ಬಿತ್ತನೆಗೆ ಭತ್ತ ಕೇಳಿದರೆ ಅಕ್ಕಿ ಮಾಡಿಸಿ ಕೊಟ್ಟ ಮಹಾನುಭಾವ! ಅವರು ಅದನ್ನು ಬಿತ್ತಿದರೋ ಬೇಯಿಸಿದರೋ, ದೇವರೇ ಬಲ್ಲ.

ಹಳೆಯ ಕೊಟ್ಟಿಗೆಗೆ ಸುಣ್ಣ ಬಳಿದು, ಒಲೆ ಹೂಡಿ, ಕಾಯಿ ತುರಿಯುವ ಮೆಷೀನು ತಂದಿಟ್ಟು 'ಫ್ಯಾಕ್ಟ್ರಿ' ಅಂದ. ಊರೆಲ್ಲ ನಕ್ಕಿತು. ನಗದವಳೆಂದರೆ ಅದೇ ಊರಲ್ಲಿರುವ ಅವನ ಅಕ್ಕ, ನನ್ನ ಅಮ್ಮ. ಅವಳಿಗೆ ನಗಲು ಪುರುಸೊತ್ತೆಲ್ಲಿ? ದಿನಾ ಬಸ್ಸು ಹಿಡಿದು ಗೆಜ್ಜಲಗೆರೆಗೆ ಹೋಗಿ, ಗಾರ್ಮೆಂಟ್ಸಿನಲ್ಲಿ ಸಂಜೆತನಕ ನಿಂತೇ ಬಟ್ಟೆ ಚೆಕ್ ಮಾಡಬೇಕು. ಮಂಡಿ ಊದಿ, ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈಹಿಡಿದು ಎಳೆಯಬೇಕಿತ್ತು. ಕೆಲಸ ಬಿಡೋಣವೆಂದರೆ ಹತ್ತಿರದಲ್ಲಿ ಬೇರೆ ಕೆಲಸವಿರಲಿಲ್ಲ.

ಇಂಥ ಮಾವನ ಕೈಗೆ ನನ್ನ ಮದುವೆಯ ತಾಂಬೂಲದ ಉಸ್ತುವಾರಿ ಬಿತ್ತು ನೋಡಿ! ಮದ್ದೂರಿನ ಛತ್ರದ ಬಾಗಿಲಲ್ಲಿ ನನ್ನ ಅತ್ತೆ ತಾಂಬೂಲದ ಚೀಲ ಬಿಚ್ಚಿದರು. ಎಲೆ ಅಡಿಕೆ ಇದೆ, ಕಾಯಿಯಿಲ್ಲ. ಅದರ ಜಾಗದಲ್ಲಿ ಕಾಯಿ ಬೆಲ್ಲದ ಉಂಡೆಯ ಪೊಟ್ಟಣ, ಅದರ ಮೇಲೆ ನಮ್ಮೂರ ಹೆಸರು.

"ಕಾಯಿಲ್ದೆ ತಾಂಬೂಲ ಕೊಡಕಾಯ್ತದಾ?" ಅತ್ತೆಯ ಮುಖ ಕೆಂಪಾಯಿತು.

"ಒಳ್ಗೇ ಅದೆ ಬೀಗ್ರೇ, ತುರ್ದು ಆಕಿವ್ನಿ. ನಿಮ್ಗೆ ತುರಿಯೋ ಕೆಲ್ಸ ಉಳೀತು," ಅಂದ ಮಾವ.

ಅಮ್ಮ ನಾಚಿಕೆಯಿಂದ ತಲೆ ಎತ್ತಲಿಲ್ಲ. ನಾನು ಬಾಸಿಂಗ ಕಟ್ಟಿಕೊಂಡೇ ಮಾವನನ್ನು ನೋಡಿ ಹಲ್ಲು ಕಡಿದೆ.

ಆದರೆ ನಾಲಿಗೆ ಯಾರ ಮಾತು ಕೇಳುತ್ತದೆ? ಕೆಲವೇ ದಿನಗಳಲ್ಲಿ ಅದೇ ಅತ್ತೆ ಅಮ್ಮನಿಗೆ ಫೋನು ಮಾಡಿ, ನಾದಿನಿ ಮಗಳ ಮದುವೆಗೂ ಅದೇ ಉಂಡೆ ಬೇಕು ಅಂದರು. ಆಮೇಲೆ ಮಂಡ್ಯದ ಛತ್ರಗಳಿಂದಲೂ ಕೇಳಿ ಬಂದರು. ನಾನು ತವರಿಗೆ ಬಂದಿದ್ದಾಗ ಮಾವ ನಮ್ಮ ಮನೆಗೆ ಬಂದು ಕೂತ. ಈಗ ಜಂಬ ಕೊಚ್ಚುತ್ತಾನೆ ಅಂತ ನಾನು ಕಾದೆ.

"ಅಕ್ಕ, ನಾಳಿಂದ ಆ ಬಸ್ಸು ಅತ್ಬ್ಯಾಡ ಬುಡು. ಉಂಡೆ ಕಟ್ಟಕ್ಕೆ ನೀನು ಬಾ," ಅಂದ.

ಅಮ್ಮ ಮಂಡಿ ನೀವಿಕೊಳ್ಳುತ್ತಾ ಕೇಳಿದಳು, "ಅಲ್ಲೂ ನಿಂತ್ಕೊಂಡೇನಾ?"

"ಇಲ್ಲ ಕಣಕ್ಕ. ಮೆಷೀನು ತರಕ್ಕೆ ಮುಂಚೇನೇ ನಿಂಗೊಂದು ಕುರ್ಚಿ ತಂದು ಮಡ್ಗಿವ್ನಿ."

ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ.