ಬೀದಿಗೆ ಬಿಟ್ಟ ಮೂವತ್ತೊಂದು ಅಡಿ ಮಾರ್ಜಿನ್

ಇಂದ:
ಆನೆಗೆ ಒಂದೇ ಟ್ರಯಲ್‌ನಲ್ಲಿ ಕೋಟು ಹೊಲಿದು ಗುಂಡಿ ಹಾಕಿದ, ಚಂದ್ರನ ಸೊಂಟದ ಸುತ್ತಳತೆಯನ್ನು ನೆಲದ ಮೇಲೆ ನಿಂತೇ ಹೇಳಬಲ್ಲ
ಟೈಲರ್, ಅಂಗಡಿ ಸಂಖ್ಯೆ ೧, ಹಳೇ ಅಂಗಡಿ ಬೀದಿ.

ಗೆ:
ಮಾನ್ಯ ಅಧಿಕಾರಿಗಳು,
ನಗರ ಭೂ ನವೀಕರಣ ಕಚೇರಿ, ಅದೇ ಬೀದಿಯ ತುದಿ.

ವಿಷಯ: ನೂರು ಅಡಿಯ ಬೀದಿ ನನ್ನ ನಕ್ಷೆಯಲ್ಲಿ ನೂರ ಮೂವತ್ತೊಂದು ಅಡಿಗೆ ಬೆಳೆದಿರುವ ಬಗ್ಗೆ ಸಮಜಾಯಿಷಿ, ಮತ್ತು ಸಾಧ್ಯವಾದರೆ ಒಂದು ಸನ್ಮಾನ ಕೋರಿ.

ಉಲ್ಲೇಖ: ೧. ‘ಶುಕ್ರವಾರದೊಳಗೆ ಉತ್ತರಿಸದಿದ್ದರೆ ಹನ್ನೊಂದೂ ಅಂಗಡಿಗಳ ಹಕ್ಕು ರದ್ದು’ ಎಂಬ ತಮ್ಮ ನೋಟಿಸು.
೨. ಅದನ್ನು ಓದಿದ ಮೇಲೆ ನನ್ನ ಹೆಂಡತಿ ನನ್ನನ್ನು ನೋಡಿದ ನೋಟ.

ಮಾನ್ಯರೇ,

೧. ತಮ್ಮ ಯೋಜನೆಯಂತೆ ನಮ್ಮ ಹನ್ನೊಂದು ಹಳೆಯ ಅಂಗಡಿಗಳನ್ನು ಕೆಡವಿ, ಅದೇ ಇಟ್ಟಿಗೆ, ಅದೇ ತೊಲೆಗಳನ್ನು ಮತ್ತೆ ಬಳಸಿ, ತುದಿಯ ಬಾವಿಗೂ ಎರಡು ಮರಗಳಿಗೂ ಪೆಟ್ಟಾಗದಂತೆ ಮೂರಂತಸ್ತಿನ ಕಟ್ಟಡ ಕಟ್ಟತಕ್ಕದ್ದು. ಯಾರ ಅಂಗಡಿ ಈಗ ಎಷ್ಟು ಅಗಲವೋ ಅದಕ್ಕೆ ತಕ್ಕಂತೆ ಹೊಸ ಕಟ್ಟಡದಲ್ಲಿ ಅವರಿಗೆ ಜಾಗ, ಅಂದರೆ ಅಭಿವೃದ್ಧಿ ಹಕ್ಕು. ಅಂಗಡಿಯವರೇ ಅಳೆದು ನಕ್ಷೆ ಕೊಡಬೇಕೆಂದು ತಾವು ಹೇಳಿದ ಕಾರಣ, ಬೀದಿಯಲ್ಲಿ ಟೇಪು ಇರುವವನು ನಾನೊಬ್ಬನೇ ಆದ ಕಾರಣ, ಯಾರೂ ಕೇಳುವ ಮೊದಲೇ ನಾನು ಒಪ್ಪಿಕೊಂಡ ಕಾರಣ, ಈ ಕೆಲಸ ನನ್ನ ಪಾಲಿಗೆ ಬಂತು.

೨. ನಾನು ಯಾವ ಬಟ್ಟೆಯನ್ನೂ ಮಾರ್ಜಿನ್ ಬಿಡದೆ ಕತ್ತರಿಸಿದವನಲ್ಲ. ಗಿರಾಕಿಗೆ ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲಿಸಲು ಒಳಗೆ ಬಟ್ಟೆ ಇರಬೇಕು. ಆದ್ದರಿಂದ ಪ್ರತಿ ಅಂಗಡಿಗೂ ಎರಡೂ ಪಕ್ಕದಲ್ಲಿ ಧಾರಾಳವಾಗಿ ಮಾರ್ಜಿನ್ ಬಿಟ್ಟಿದ್ದೇನೆ. “ಗೋಡೆಗೆ ಮೈ ಬರುತ್ತೇನ್ರೀ?” ಎಂದು ಹೆಂಡತಿ ಕೇಳಿದಳು. ವಿಜ್ಞಾನ ಇನ್ನೂ ಆ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಎಂದೆ.

೩. ಆ ಕಾರಣ ಬೀದಿ ಮೂವತ್ತೊಂದು ಅಡಿ ಮುಂದಕ್ಕೆ ಸರಿದು, ಬಾವಿಯನ್ನು ನುಂಗಿ, ಎರಡೂ ಮರಗಳನ್ನು ಇಸ್ತ್ರಿ ಅಕ್ಕನ ಅಂಗಡಿಯೊಳಗೆ ನಿಲ್ಲಿಸಿ, ತಮ್ಮ ಕಚೇರಿಯ ಗೋಡೆ ದಾಟಿದ್ದು ನಿಜ. ನಕ್ಷೆಯ ಪ್ರಕಾರ ತಮ್ಮ ಕುರ್ಚಿ ಈಗ ಪಂಕ್ಚರ್ ಅಣ್ಣನ ಅಂಗಡಿಯಲ್ಲಿ, ಟ್ಯೂಬು ಅದ್ದುವ ತೊಟ್ಟಿಗೆ ಒಂದು ಗೇಣು ದೂರದಲ್ಲಿದೆ. ವಿಷಯ ತಿಳಿದ ಪಂಕ್ಚರ್ ಅಣ್ಣ, “ಸಾಹೇಬ್ರು ಕೂತಿರಲಿ ಬಿಡಿ, ನಾನೇನು ಎಬ್ಸಲ್ಲ. ಸ್ವಲ್ಪ ಕಾಲೆತ್ತಿದ್ರೆ ಸಾಕು, ಪಂಪ್ ಇಡ್ಬೇಕು” ಎಂದು ದೊಡ್ಡ ಮನಸ್ಸು ಮಾಡಿದ್ದಾನೆ.

೪. ಲೋಕದಲ್ಲಿ ಜಾಗವಿಲ್ಲವೆಂದು ಎಲ್ಲರೂ ಮೇಲಕ್ಕೆ ಕಟ್ಟುತ್ತಿರುವ ಕಾಲದಲ್ಲಿ, ಒಂದು ಮರ ಕಡಿಯದೆ, ಒಂದು ಬುಟ್ಟಿ ಮಣ್ಣು ಸುರಿಯದೆ, ಬರೀ ಪೆನ್ಸಿಲಿನಿಂದ ಮೂವತ್ತೊಂದು ಅಡಿ ಭೂಮಿ ಹುಟ್ಟಿಸಿದವನು ನಾನೊಬ್ಬನೇ. ಪರಿಸರಕ್ಕೆ ಇದಕ್ಕಿಂತ ಹಿತವಾದ ನವೀಕರಣ ಇನ್ನಾವುದು?

೫. ಇಷ್ಟು ಬರೆದು ತಮ್ಮ ಕಚೇರಿಗೆ ತಂದಾಗ, ಅರ್ಜಿ ತೆಗೆದುಕೊಳ್ಳುವ ಗುಮಾಸ್ತೆಯಮ್ಮ ಎಲ್ಲವನ್ನೂ ಓದಿ, ಕನ್ನಡಕ ಮೇಲೆತ್ತಿ, “ಅಣ್ಣಾ, ಟೇಪಿಗೆ ಎರಡು ತುದಿ ಇರುತ್ತಲ್ಲ. ಆ ಕಡೆ ಯಾರು ಹಿಡ್ಕೊಂಡಿದ್ರು? ಅವ್ರ ಸಹಿ ಬೇಕು” ಎಂದರು.

ನಾನು ಕೊರಳಲ್ಲಿದ್ದ ಟೇಪಿನ ಎರಡೂ ತುದಿಗಳನ್ನು ನೋಡಿಕೊಂಡೆ.

“ಯಾರೂ ಇರ್ಲಿಲ್ಲ ಅಲ್ವಾ?”

“ಗಾಳಿ ಇತ್ತಮ್ಮಾ.”

“ಗಾಳಿ ಸಹಿ ಹಾಕಲ್ಲ. ಕೂತ್ಕೊಂಡು ನಡೆದದ್ದು ಬರೀರಿ.”

೬. ಆದ್ದರಿಂದ ತಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಒಪ್ಪಿಕೊಳ್ಳುವುದೇನೆಂದರೆ: ನಾನು ಅಳೆಯಲೇ ಇಲ್ಲ. ಮಾರ್ಜಿನ್ ಕಥೆಯನ್ನು ನೋಟಿಸು ಬಂದ ಮೇಲೆ ಹೊಲಿದೆ. ಟೇಪನ್ನು ಕೊರಳಿಗೆ ಹಾಕಿಕೊಂಡು ಬೀದಿಯಲ್ಲಿ ಮೂರು ದಿನ ಓಡಾಡಿದೆ, ಅಷ್ಟೇ. ಇಷ್ಟು ವರ್ಷ “ಏ ಟೈಲರ್, ನನ್ ಪ್ಯಾಂಟ್ ಎಲ್ಲಿ?” ಎನ್ನುತ್ತಿದ್ದವರು ಆ ಮೂರು ದಿನ ಎದ್ದು ನಿಂತು ಸ್ಟೂಲು ಒರೆಸಿದರು. “ಬನ್ನಿ ಸರ್ವೇಯರ್ ಸಾಹೇಬ್ರೇ, ಟೀ ಕುಡೀರಿ. ನಮ್ಮದು ಎಷ್ಟಾಗುತ್ತೆ?” ಎಂದು ಇಸ್ತ್ರಿ ಅಕ್ಕ ಕೇಳಿದಾಗ ಅವಳ ಮುಖ ನೋಡಿ ಎರಡೂವರೆ ಅಡಿ ಸೇರಿಸಿ ಹೇಳಿದೆ. ಅವಳಿಗೆ ಹೇಳಿದ ಮೇಲೆ ಉಳಿದ ಒಂಬತ್ತು ಜನಕ್ಕೆ ಕಡಿಮೆ ಹೇಳುವುದು ಹೇಗೆ? ನನಗೆ ಮಾತ್ರ ಆರು ಅಡಿ ಸೇರಿಸಿಕೊಂಡೆ. ಅದಕ್ಕೆ ಕಾರಣವಿಲ್ಲ, ಆಸೆ ಇತ್ತು.

೭. ಅವರ್ಯಾರಿಗೂ ಇದು ಗೊತ್ತಿಲ್ಲ. ಹಕ್ಕು ರದ್ದಾದರೆ ಹತ್ತು ಜನ ನನ್ನ ಮಾತು ನಂಬಿದ ತಪ್ಪಿಗೆ ಬೀದಿ ಬಿಟ್ಟು ಹೋಗಬೇಕಾಗುತ್ತದೆ. ಆನೆಯೂ ಸುಳ್ಳು. ಅದು ಬ್ಯಾಂಡ್‌ನವರ ಡೋಲಿಗೆ ಹೊಲಿದ ಗವುಸು, ಅದೂ ಬಿಗಿಯಾಗಿತ್ತು.

ಆದ ಕಾರಣ, ನನ್ನ ನಕ್ಷೆಯನ್ನು ಹರಿದುಹಾಕಿ, ಇಡೀ ಬೀದಿಯನ್ನು ತಮ್ಮವರಿಂದಲೇ ಮತ್ತೆ ಅಳೆಸಿ, ಹತ್ತೂ ಜನರ ಹಕ್ಕನ್ನು ಉಳಿಸಿಕೊಡಬೇಕೆಂದು ಬೇಡಿಕೊಳ್ಳುತ್ತೇನೆ. ದಂಡವೆಂದು ಏನನ್ನಾದರೂ ಕತ್ತರಿಸಲೇಬೇಕಾದರೆ ನನ್ನ ಅಂಗಡಿಯಿಂದ ಕತ್ತರಿಸಿ. ಅದರ ನಿಜವಾದ ಅಗಲ ಎಂಟು ಅಡಿ.

ತಮ್ಮ ವಿಶ್ವಾಸವನ್ನು ಇನ್ನು ಮೇಲೆ ಗಳಿಸಬೇಕಾಗಿರುವ,
ಟೈಲರ್

ಅಡಕ:
೧. ಟೇಪು, ಒಂದು. ಬೀದಿ ಅಳೆಯಲು ಬಳಸಿಲ್ಲ.
೨. ತಪ್ಪೊಪ್ಪಿಗೆಯ ಹತ್ತು ಪ್ರತಿಗಳು, ಅಂಗಡಿಗೊಂದರಂತೆ.

ವಿಶೇಷ ಕೋರಿಕೆ: ಪ್ರತಿಗಳನ್ನು ತಮ್ಮ ಜವಾನರ ಕೈಯಲ್ಲೇ ಹಂಚಿಸಬೇಕು. ಇಸ್ತ್ರಿ ಅಕ್ಕನಿಗೆ ಮಾತ್ರ ಪೆಟ್ಟಿಗೆಯ ಕೆಂಡ ಆರಿದ ಮೇಲೆ ಕೊಡತಕ್ಕದ್ದು.