ಬೋಧನಾಪೀಠದ ಅಗಲೀಕರಣ

ಚರ್ಚಿನಲ್ಲಿ ಬಲಿಪೀಠ ಬೇರೆ, ಬೋಧನಾಪೀಠ ಬೇರೆ. ಬಲಿಪೀಠವೆಂದರೆ ನಡುವೆ ಇರುವ ಮೇಜು. ಅಲ್ಲಿ ಪಾದ್ರಿಗಳು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ದೇವರಿಗೆ ಅರ್ಪಿಸುತ್ತಾರೆ. ಜನ ಮೊಣಕಾಲೂರಿ ಸುಮ್ಮನಿರುತ್ತಾರೆ. ಬೋಧನಾಪೀಠವೆಂದರೆ ಬದಿಯಲ್ಲಿ ಮೈಕು ಇರುವ ಎತ್ತರದ ಜಾಗ. ಅಲ್ಲಿಂದ ಪ್ರಸಂಗ, ಅಂದರೆ ಉಪದೇಶ, ನಡೆಯುತ್ತದೆ. ಆಗಲೂ ಜನ ಸುಮ್ಮನೆಯೇ ಇರುತ್ತಾರೆ, ಆದರೆ ಕಣ್ಣು ಮುಚ್ಚಿರುತ್ತದೆ. ವ್ಯತ್ಯಾಸ ಇಷ್ಟೇ.

ಕಾಪುವಿನ ಒಳದಾರಿಯ ಚರ್ಚಿಗೆ ಸೇರಿದ ಒಲಿಂಡಾ ಬಾಯಿಗೆ ಈ ವ್ಯತ್ಯಾಸ ಗೊತ್ತಾದದ್ದು ಗಂಡ ಬೊನಿಫಾಸ್‌ರಿಂದ. ಬೊನಿಫಾಸ್ ಉಡುಪಿ–ಕಾರ್ಕಳ ಬಸ್ಸಿನ ಡ್ರೈವರ್ ಆಗಿದ್ದರು. ವಾರವಿಡೀ ಹಾರ್ನು ಮತ್ತು ಕಂಡಕ್ಟರನ ವಿಸಿಲು ಕೇಳಿದವರಿಗೆ ಭಾನುವಾರವಾದರೂ ಗದ್ದಲ ಬೇಡವಾಗಿತ್ತು. ಆದ್ದರಿಂದ ಪ್ರಸಂಗ ಶುರುವಾದೊಡನೆ ಎದ್ದು ಹೋಗಿ ಅಂಗಳದ ಬಾದಾಮಿ ಮರದಡಿ ಬೀಡಿ ಹಚ್ಚುತ್ತಿದ್ದರು. ಬಲಿಪೀಠದ ಗಂಟೆ ಕೇಳಿದ ಕೂಡಲೇ ಬೀಡಿ ಆರಿಸಿ ಒಳಗೆ ಬಂದು ಮೊಣಕಾಲೂರುತ್ತಿದ್ದರು. ಊರಿನ ಅರ್ಧ ಗಂಡಸರು ಹಾಗೆಯೇ. ಇದು ದೈವದ್ರೋಹವಲ್ಲ, ಪದ್ಧತಿ.

ಬೊನಿಫಾಸ್ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆಯಲ್ಲಿ ಬಲಿಪೀಠದಿಂದ ಅವರ ಹೆಸರು ಹೇಳಿಸಬೇಕು. ಒಲಿಂಡಾ ಬಾಯಿಗೆ ಬೇಕಾಗಿದ್ದದ್ದು ಅದೊಂದೇ.

ಆದರೆ ಅದು ಚರ್ಚಿನ ಶತಮಾನೋತ್ಸವದ ವರ್ಷ. ಆದ್ದರಿಂದ ಸಮಿತಿಗಳಿದ್ದವು. ಪ್ರತಿ ಸಮಿತಿಗೂ ಅಧ್ಯಕ್ಷರಿದ್ದರು, ಪ್ರತಿ ಅಧ್ಯಕ್ಷರಿಗೂ ಬೋಧನಾಪೀಠದಿಂದ ಹೇಳಲಿಕ್ಕೆ ಎರಡು ಮಾತಿದ್ದವು. ಮಾತಾಡಿದವರನ್ನು ಕೆಳಗೆ ಇಳಿಸುವುದು ಅಗೌರವ ಎಂದು ನಿರ್ಣಯವಾದ ಮೇಲೆ ಅವರಿಗೆ ಅಲ್ಲಿಯೇ ಕುರ್ಚಿ ಹಾಕಲಾಯಿತು. ಕುರ್ಚಿಗಳಿಗೆ ಜಾಗ ಸಾಲದಾಯಿತು. ಆಗ ಬೋಧನಾಪೀಠ ಅಗಲೀಕರಣ ಸಮಿತಿ ರಚನೆಯಾಗಿ, ಮಣಿಪಾಲದಲ್ಲಿ ಪ್ಲೈವುಡ್ ಅಂಗಡಿ ಇರುವ ಲಿಯೋನೆಲ್ ಅದರ ಅಧ್ಯಕ್ಷರಾದರು. ಅಗಲೀಕರಣಕ್ಕೆ ಪ್ಲೈವುಡ್ಡೇ ಸೂಕ್ತ ಎಂದು ಅವರು ಅಭಿಪ್ರಾಯಪಟ್ಟರು. ಇದು ಕಾಕತಾಳೀಯ.

ನೋಟಿಸ್ ಬೋರ್ಡಿನಲ್ಲಿ ಹೀಗೆ ಬರೆಯಲಾಯಿತು: "ಅಗಲೀಕರಣದ ನಿಮಿತ್ತ ಬಲಿಪೀಠವನ್ನು ತಾತ್ಕಾಲಿಕವಾಗಿ ಕಂಬದ ಹಿಂದೆ ಸ್ಥಳಾಂತರಿಸಲಾಗಿದೆ. ತಾತ್ಕಾಲಿಕ ಎಂದರೆ ಮುಂದಿನ ಸ್ಥಳಾಂತರದವರೆಗೆ. ಭಕ್ತರು ಸಹಕರಿಸಬೇಕು."

ಭಕ್ತರು ಸಹಕರಿಸಿದರು. ಒಲಿಂಡಾ ಬಾಯಿ ಮಾತ್ರ ಲಿಯೋನೆಲ್‌ರನ್ನು ಮೆಟ್ಟಿಲಲ್ಲಿ ತಡೆದರು.

"ಎಂತ ಮಾರಾಯ, ಬಲಿಪೀಠ ಎಲ್ಲುಂಟು?"

"ಕಂಬದ ಹಿಂದೆ ಉಂಟಲ್ಲ, ಒಲಿಂಡಾ ಬಾಯಿ. ನಿಮಗೆ ಕಾಣದಿದ್ದರೂ ದೇವರಿಗೆ ಕಾಣ್ತದೆ."

"ಭಾನುವಾರ ಅವರ ವರ್ಷದ ಪೂಜೆ. ಹೆಸರು ಅಲ್ಲಿಂದಲೇ ಹೇಳಬೇಕು."

"ಕಂಬದ ಹಿಂದಿನಿಂದ ಯಾಕೆ? ಬೋಧನಾಪೀಠದಿಂದಲೇ ಹೇಳಿಸುವಾ. ಪರಿಚಯ ಭಾಷಣ, ಶಾಲು, ಹಣ್ಣಿನ ಬುಟ್ಟಿ. ಮರಣೋತ್ತರ ಸನ್ಮಾನ!"

"ಅವರು ಸತ್ತದ್ದು ಹೌದು. ಭಾಷಣ ಕೇಳುವಷ್ಟು ಸತ್ತಿಲ್ಲ."

ಒಲಿಂಡಾ ಬಾಯಿ ಚರ್ಚಿನ ಗುರುಗಳಾದ ಫಾದರ್ ಉಜ್ವಲ್ ಬಳಿಗೆ ಹೋದರು. ಗುರುಗಳೆಂದರೆ ಚರ್ಚಿಗೆ ಮುಖ್ಯಸ್ಥರು, ಸಮಿತಿಗಳಿಗಲ್ಲ.

"ಫಾದರ್, ನೀವಾದರೂ ಎದ್ದು ಎರಡು ಮಾತು ಹೇಳಿ."

"ಹೇಳಲಿಕ್ಕೆ ನಾನೂ ಹೆಸರು ಕೊಟ್ಟಿದ್ದೇನೆ, ಒಲಿಂಡಾ ಬಾಯಿ," ಎಂದರು ಫಾದರ್ ಮೆಲ್ಲಗೆ. "ನನ್ನ ಸರದಿ ಇನ್ನೂ ಬಂದಿಲ್ಲ."

ಶನಿವಾರ ಶಾಲು ಮತ್ತು ಹಣ್ಣಿನ ಬುಟ್ಟಿ ಇಡಲಿಕ್ಕೆ ಕಂಬದ ಹಿಂದಿನ ಜಾಗವೂ ಬೇಕಾಯಿತು, ಮೇಜೂ ಕಡಿಮೆಯಿತ್ತು. ಬಲಿಪೀಠವೂ ಒಂದು ಮೇಜೇ ಅಲ್ವಾ ಎಂದು ಲಿಯೋನೆಲ್ ಹೇಳಿದ್ದು ಹೂ ಇಡುತ್ತಿದ್ದ ಒಲಿಂಡಾ ಬಾಯಿಯ ಕಿವಿಗೆ ಬಿತ್ತು. ಅವರು ಸಿಟ್ಟಾಗಲಿಲ್ಲ. ಸಿಟ್ಟಾದರೆ ಅದಕ್ಕೊಂದು ಸಮಿತಿಯಾಗುತ್ತದೆಂದು ಅವರಿಗೆ ಗೊತ್ತಿತ್ತು.

"ಇದು ಹಳೇ ಮೇಜು, ಲಿಯೋನೆಲ್. ನಿಮ್ಮ ಹೊಸ ಪ್ಲೈವುಡ್ಡಿಗೆ ಹೊಂದುವುದಿಲ್ಲ. ಫೋಟೋ ಹಾಳಾಗ್ತದೆ. ಹೊರಗೆ ಬಾದಾಮಿ ಮರದಡಿ ಇಡಿ, ಅಲ್ಲಿ ಜಾಗ ಉಂಟು."

ಲಿಯೋನೆಲ್‌ಗೆ ಬಹಳ ಸಂತೋಷವಾಯಿತು. ಹೊಸ ಮೇಜಿಗೂ ಪ್ಲೈವುಡ್ ಬೇಕಾಗುತ್ತದೆ. ಒಲಿಂಡಾ ಬಾಯಿಯ ಸಹಕಾರಕ್ಕೆ ಕೃತಜ್ಞತೆ ಸಲ್ಲಿಸಿ ಅಲ್ಲಿಯೇ ನಿರ್ಣಯ ಅಂಗೀಕರಿಸಲಾಯಿತು.

ಭಾನುವಾರ ಬೆಳಿಗ್ಗೆ ಅಧ್ಯಕ್ಷರುಗಳ ಮಾತು ಆರಂಭವಾಯಿತು. ಪದ್ಧತಿಯಂತೆ ಗಂಡಸರು ಹೊರಗೆ ಬಂದರು. ನೋಡಿದರೆ ಮರದಡಿ ಬಲಿಪೀಠ, ಅದರ ಹಿಂದೆ ಫಾದರ್ ಉಜ್ವಲ್. ಹಚ್ಚಿದ ಬೀಡಿಗಳು ಬೆನ್ನ ಹಿಂದೆ ಹೋದವು. ಸ್ವಲ್ಪ ಹೊತ್ತಿಗೆ ಹೆಂಗಸರೂ ಬಂದರು. ಫಾದರ್ ಸ್ಪಷ್ಟವಾಗಿ, ಮೈಕಿಲ್ಲದೆ, ಬೊನಿಫಾಸ್ ಹೆಸರು ಹೇಳಿದರು. ಒಲಿಂಡಾ ಬಾಯಿ ಮೊಣಕಾಲೂರಿದ ಜಾಗದಲ್ಲಿ ಹಳೆಯ ಬೀಡಿ ತುಂಡುಗಳಿದ್ದವು. ಯಾರವೆಂದು ಹೇಳಲಾಗುವುದಿಲ್ಲ, ಆದರೂ ಅವರು ಗುಡಿಸಲಿಲ್ಲ. ಬೊನಿಫಾಸ್ ಬದುಕಿದ್ದಾಗಲೂ ಬಲಿಪೀಠಕ್ಕೆ ಇಷ್ಟು ಹತ್ತಿರವಿದ್ದವರಲ್ಲ.

ಒಳಗೆ ಸಭೆ ಯಶಸ್ವಿಯಾಯಿತು. ಕುರ್ಚಿಗಳೆಲ್ಲ ಬೋಧನಾಪೀಠದ ಮೇಲೆಯೇ ಇದ್ದುದರಿಂದ ಎಲ್ಲ ಕುರ್ಚಿಗಳೂ ತುಂಬಿದ್ದವು. ಅಧ್ಯಕ್ಷರುಗಳು ಪರಸ್ಪರ ಶಾಲು ಹೊದಿಸಿದರು. ಕೆಳಗಿನ ಬೆಂಚುಗಳ ಶಿಸ್ತನ್ನು, ಅಂದರೆ ಮೌನವನ್ನು, ಲಿಯೋನೆಲ್ ಮುಕ್ತಕಂಠದಿಂದ ಶ್ಲಾಘಿಸಿದರು.

ಮುಂದಿನ ವಾರ ಹೊಸ ಪ್ರಕಟಣೆ ಬಂತು: "ಇನ್ನು ಮುಂದೆ ಪೂಜೆ ಹೊರಗೆ, ಭಾಷಣ ಒಳಗೆ, ಏಕಕಾಲದಲ್ಲಿ ನಡೆಯುವುದು. ಹೊರಗಿನ ಗಂಟೆಯಿಂದ ಭಾಷಣಕ್ಕೆ ಅಡ್ಡಿಯಾಗುತ್ತಿರುವುದರಿಂದ ಗಂಟೆಯನ್ನು ನಿಲ್ಲಿಸಬೇಕು."

ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಮೊದಲು ಒಪ್ಪಿದವರು ಒಲಿಂಡಾ ಬಾಯಿ. ಗಂಟೆ ಇದ್ದದ್ದು ಮರದಡಿ ನಿಂತವರನ್ನು ಬಲಿಪೀಠಕ್ಕೆ ಕರೆಯಲಿಕ್ಕೆ. ಈಗ ಯಾರನ್ನೂ ಕರೆಯಬೇಕಾಗಿರಲಿಲ್ಲ.