ಕೆಂಚನ ಒಪ್ಪಿಗೆ

ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಹದಿನಾಲ್ಕು ವರ್ಷ ಕಡತ ತಿರುವಿದವನಿಗೆ ಒಂದು ನಾಯಿಯ ವಿಷಯ ತೀರ್ಮಾನಿಸಲು ಬರುವುದಿಲ್ಲವೆ? ನನ್ನ ಹೆಂಡತಿ ಅನಸೂಯಳ ಪ್ರಕಾರ ಬರುವುದಿಲ್ಲ.

ನಮ್ಮ ಕೆಂಚ ಹೆಸರಿಗೆ ಕಾವಲು ನಾಯಿ. ಮೊನ್ನೆ ನಡುಹಗಲಲ್ಲೇ ತೆಂಗಿನಕಾಯಿ ಕಳ್ಳನೊಬ್ಬ ಇವನನ್ನು ದಾಟಿಕೊಂಡು ಹಿತ್ತಿಲಿಗೆ ಹೋದ, ದಾಟಿಕೊಂಡೇ ವಾಪಸು ಬಂದ. ಕೆಂಚ ಬಾಲ ತುಳಿಸಿಕೊಳ್ಳದಂತೆ ಒಳಗೆಳೆದುಕೊಂಡ, ಅಷ್ಟೇ. ಆದ್ದರಿಂದ ಹೊಳೆದಂಡೆಯ ಕೆಂಪಣ್ಣನ ಮನೆಯಿಂದ ಒಂದು ಮರಿ ತರತಕ್ಕದ್ದೆಂದು ನಾನು ಆಜ್ಞೆ ಹೊರಡಿಸಿದೆ.

"ಇನ್ನೊಂದ್ಯಾಕ್ರೀ? ತಿಂದು ಬಿದ್ಕಳೋರು ಈ ಮನೇಲಿ ಇಬ್ಬರವ್ರೆ, ಸಾಕು," ಎಂದಳು ಅನಸೂಯ.

(ಎರಡನೆಯವರು ಯಾರೆಂದು ನಾನು ವಿಚಾರಿಸಲಿಲ್ಲ.)

"ಅಲ್ಲಾ, ನಾನಾಕೋ ಅರ್ಧ ಮುದ್ದೇಗೆ ಈ ನಾಯಿ ಇಂಗೆ ಊದ್ಕಂಡೈತಲ್ಲ, ಅದೆಂಗೆ?" ಎಂದು ಅವಳೇ ಮುಂದುವರಿಸಿದಳು.

"ದಿನಾ ಸಂಜೆ ಗಾಳಿ ಸೇವನೆಗೆ ಕರ್ಕಂಡೋಯ್ತೀನಲ್ಲ, ಮೈ ಹತ್ತೈತೆ," ಎಂದು ಅವಸರದಿಂದ ಮಾತು ಬದಲಿಸಿದೆ. "ನಿಂದೂ ಬ್ಯಾಡ, ನಂದೂ ಬ್ಯಾಡ. ಕೆಂಚನ್ನೇ ಕೇಳಾನ. ಮರಿ ನೋಡಿ ಬಾಲ ಆಡಿಸಿದ್ರೆ ತರಾದು, ಗುರ್ ಅಂದ್ರೆ ಬುಡಾದು."

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗನನ್ನು ಒಂದು ಮಾತು ಕೇಳುವುದಿಲ್ಲವೆ? ಅನಸೂಯ ಒಪ್ಪಿದಳು. "ನಾನೂ ಬತ್ತೀನಿ," ಎಂದೂ ಸೇರಿಸಿದಳು. ಇದು ನನ್ನ ಯೋಜನೆಯಲ್ಲಿ ಇರಲಿಲ್ಲ.

ಕೆಂಪಣ್ಣನ ಮನೆಗೆ ಹಿತ್ತಿಲ ಗಲ್ಲಿಯಲ್ಲಿ ಹೋಗೋಣವೆಂದೆ. (ಏಕೆಂದು ಕೇಳಬೇಡಿ.) ಆದರೆ ಗಂಟೆ ಐದು ದಾಟಿತ್ತು. ಕಳ್ಳನಿಗೂ ಏಳದ ಕೆಂಚ ಕಟ್ಟಾಳಿನಂತೆ ಹಗ್ಗ ಜಗ್ಗಿ, ನಮ್ಮಿಬ್ಬರನ್ನೂ ಪೇಟೆ ಬೀದಿಗೆ ಎಳೆದೊಯ್ದು, ಪಾಲಾಕ್ಷನ ಹೋಟೆಲಿನ ಮೆಟ್ಟಿಲು ಹತ್ತಿ, ಮೂಲೆಯ ಮೇಜಿನ ಕೆಳಗೆ ಕುಳಿತುಬಿಟ್ಟ.

"ಬನ್ನಿ ರಂಗಸ್ವಾಮಣ್ಣ, ಯಾಕೆ ಇವತ್ತು ಲೇಟು?" ಎಂದು ಪಾಲಾಕ್ಷ ಒಲೆಯ ಬಳಿಯಿಂದಲೇ ಕೂಗಿದ. "ನಿಮಗೆ ನಾಕು ವಡೆ, ಕೆಂಚಂಗೆ ಎರಡು, ದಿನದಂಗೆ ಎತ್ತಿಟ್ಟಿವ್ನಿ! ಓ, ಅಕ್ಕೋರೂ ಬಂದವ್ರೆ!"

(ಹೋದ ದೀಪಾವಳಿಯಲ್ಲಿ ಹೊಟ್ಟೆ ಕೆಟ್ಟು ಮಲಗಿದ್ದಾಗ, ಹೋಟೆಲಿನ ಕರಿದ ಪದಾರ್ಥ ಇನ್ನು ಮುಟ್ಟುವುದಿಲ್ಲವೆಂದು ಮನೆದೇವರ ಮುಂದೆ ಅನಸೂಯಳಿಗೆ ಆಣೆ ಮಾಡಿದ್ದೆ. ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು, ನೀವೂ ಕೇಳಲಿಲ್ಲ.)

ಅನಸೂಯ ಮೇಜನ್ನು ನೋಡಿದಳು, ಕೆಂಚನನ್ನು ನೋಡಿದಳು, ಕಡೆಗೆ ನನ್ನ ಹೊಟ್ಟೆಯನ್ನು ನೋಡಿದಳು.

"ಈ ನಾಯಿ ಲಂಚ ತಿಂದೈತೆ. ಇದರ ಸಾಕ್ಷಿ ನಡೆಯಾಕಿಲ್ಲ," ಎಂದಳು. "ನಡೀರಿ, ಮರಿ ತರಾನ. ಈ ಮನೇಲಿ ಕಾಯಬೇಕಾದ್ದು ತೆಂಗಿನಕಾಯಲ್ಲ, ನಿಮ್ಮನ್ನ."

ಮರಿ ಬಂತು. 'ಅಮಲ್ದಾರ' ಎಂದು ಅವಳೇ ಹೆಸರಿಟ್ಟಳು. ಕಚೇರಿಯಲ್ಲಿ ಒಬ್ಬ ಅಮಲ್ದಾರರ ಕೈಕೆಳಗೆ ಇದ್ದವನಿಗೆ ಈಗ ಮನೆಯಲ್ಲೂ ಒಬ್ಬರು. ಮರಿಗೆ ಅವಳು ಅದೇನು ಪಾಠ ಹೇಳಿಕೊಟ್ಟಳೋ, ನಾನು ಹೋಟೆಲಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಪೇಟೆ ಬೀದಿಯೆಲ್ಲ ತಿರುಗಿ ನೋಡುವಂತೆ ಬೊಗಳುತ್ತದೆ.

ಹೀಗಾಗಿ ಸಂಜೆ ಐದಕ್ಕೆ ನಾನು ಅಮಲ್ದಾರನ ಹಗ್ಗ ಹಿಡಿದು ಬೀದಿಯಲ್ಲಿ ನಿಂತಿರುತ್ತೇನೆ. ಕೆಂಚ ಯಾವ ದೇವರ ಮುಂದೆಯೂ ಆಣೆ ಮಾಡಿಲ್ಲವಲ್ಲ. ಅವನೊಬ್ಬನೇ ಒಳಗೆ ಹೋಗಿ ಆರು ವಡೆಯನ್ನೂ ಮುಗಿಸಿ ಬರುತ್ತಾನೆ.